ದುಡ್ಡಿನ ಸುದ್ದಿಗೆ ಕನ್ನಡ ಬೇಡವೇ?



ಶೆರೀನ್ ಭಾನ್ ಗೊತ್ತಲ್ಲ? ಸಿಎನ್‌ಬಿಸಿ-ಟಿವಿ18ರಲ್ಲಿ ಮಂತ್ರಿಗಳನ್ನೂ ಕಂಪನಿ ಧಣಿಗಳನ್ನೂ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಹಾಕಿದಾಕೆ. ಆಕೆ ಓದಿದ್ದು ಕಾಮರ್ಸ್ ಅಲ್ಲ, ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ! 2000ದಲ್ಲಿ ಚಾನೆಲ್ ಸೇರಿದರು, 2013ರಲ್ಲಿ ಅದರ ಮ್ಯಾನೇಜಿಂಗ್ ಎಡಿಟರ್ ಆದರು. ನನಗೆ ಹೊಟ್ಟೆಯುರಿ ಇಲ್ಲ. ದುಡಿದಿದ್ದಾರೆ, ಮೇಲೆ ಬಂದಿದ್ದಾರೆ.

ನನ್ನ ಸಿಟ್ಟು ಬೇರೆ. ಅಷ್ಟೇ ಚುರುಕಾದ ಮಂಡ್ಯದ ಹುಡುಗಿ ಇದೇ ಕೆಲಸವನ್ನು ಕನ್ನಡದಲ್ಲಿ ಮಾಡಬೇಕೆಂದರೆ ಎಲ್ಲಿಗೆ ಹೋಗಬೇಕು? ಹಿಂದಿಯವರಿಗೆ 2005ರಲ್ಲೇ ಸಿಎನ್‌ಬಿಸಿ ಆವಾಜ್ ಬಂತು. ಗುಜರಾತಿಯವರಿಗೆ 2014ರಲ್ಲಿ ಸಿಎನ್‌ಬಿಸಿ ಬಜಾರ್. ನಮಗೆ? ಸೊನ್ನೆ! ಆಕೆಯ 'ಯಂಗ್ ಟರ್ಕ್ಸ್' ಕಾರ್ಯಕ್ರಮದಲ್ಲಿ ಮೆರೆದ ಎಷ್ಟೋ ಹೊಸ ಕಂಪನಿಗಳ ವಿಳಾಸ ಬೆಂಗಳೂರು. ನೆಲ ನಮ್ಮದು, ಕಾವೇರಿ ನೀರು ನಮ್ಮದು, ಸುದ್ದಿ ಮಾತ್ರ ಇಂಗ್ಲಿಷಿನದು!

ಕನ್ನಡದಲ್ಲಿ ಪದಗಳಿಲ್ಲ ಅನ್ನುತ್ತಾರೆ ಮಹಾಶಯರು. ಸ್ವಾಮಿ, ಒಮ್ಮೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬನ್ನಿ, ಬ್ಯಾಡಗಿಯ ಮೆಣಸಿನಕಾಯಿ ಹರಾಜಿಗೆ ಬನ್ನಿ. ಅಸಲು, ಬಡ್ಡಿ, ಲಾಭ, ಲುಕ್ಸಾನು, ದಲ್ಲಾಳಿ ಎಲ್ಲವೂ ಅಚ್ಚುಕಟ್ಟಾಗಿ ಕನ್ನಡದಲ್ಲೇ ನಡೆಯುತ್ತಿದೆ.

ಇದು ಬರೀ ಅಭಿಮಾನದ ಮಾತಲ್ಲ, ಜೇಬಿನ ಮಾತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ರಿಸರ್ವ್ ಬ್ಯಾಂಕ್ ತಡೆ ಹಾಕಿತು. ಪಿಂಚಣಿ ದುಡ್ಡು ಇಟ್ಟಿದ್ದ ಹಿರಿಯರು ಕಂಗಾಲಾದರು. ಆಗ ಠೇವಣಿಗೆ ವಿಮೆ ಇದ್ದದ್ದು 1 ಲಕ್ಷಕ್ಕೆ ಮಾತ್ರ ಎಂದು ಎಷ್ಟು ಜನಕ್ಕೆ ಗೊತ್ತಿತ್ತು? (ಮರುತಿಂಗಳೇ ಅದು 5 ಲಕ್ಷವಾಯಿತು.) ವಸೂಲಾಗದ ಸಾಲ ಅಂದರೇನು ಎಂದು ದಿನಾ ಸಂಜೆ ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬರಾದರೂ ಇದ್ದಿದ್ದರೆ!

ನಾನು ಪಿಯುಸಿ ಓದಿ ಪ್ರೆಸ್ ನಡೆಸುವವನು. ಹಿಂದೊಮ್ಮೆ ಒಂದು ಚೀಟಿ ಕಂಪನಿಯ ಅರ್ಜಿ ಫಾರಂ ಅಚ್ಚು ಹಾಕಿಕೊಟ್ಟೆ. ಷರತ್ತುಗಳೆಲ್ಲ ಇಂಗ್ಲಿಷ್, ಅದೂ ಇರುವೆ ಸಾಲಿನಂಥ ಅಕ್ಷರ. ಕನ್ನಡದಲ್ಲಿದ್ದ ಪದ ಒಂದೇ: 'ಸಹಿ'. ನನ್ನ ಬೈಂಡಿಂಗ್ ಹುಡುಗನೂ ಸಹಿ ಹಾಕಿದ. ಎರಡು ವರ್ಷದ ಉಳಿತಾಯ ಕಳೆದುಕೊಂಡ. ಆ ಫಾರಂ ನನ್ನ ಮೆಷಿನ್ನಿನಲ್ಲೇ ಓಡಿದ್ದು, ಆ ಪಾಪದಲ್ಲಿ ನನಗೂ ಪಾಲಿದೆ.

ಕನ್ನಡ ಚಾನೆಲ್ ಧಣಿಗಳೇ, ಬೆಳಗಾದರೆ ರಾಶಿಫಲಕ್ಕೆ ಹೊತ್ತು ಸಿಗುತ್ತದೆ. ಬಜೆಟ್ ದಿನ ಯಾವುದು ಏರಿತು, ಯಾವುದು ಇಳಿತು ಎಂದು ಪಟ್ಟಿ ಓದಿ ಕೈತೊಳೆದುಕೊಳ್ಳುತ್ತೀರಿ. ದಿನಕ್ಕೆ ಅರ್ಧ ಗಂಟೆ ದುಡ್ಡಿನ ಸುದ್ದಿಗೆ ಬಿಡಿ. ಅದಕ್ಕೆಂದೇ ನಾಲ್ಕು ಕನ್ನಡದ ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ತಯಾರು ಮಾಡಿ. ಯಾವತ್ತಿನಿಂದ ಶುರು, ಹೇಳಿ?