ಹಬ್ಬದ ದಿನ ಹೊಟ್ಟೆಯೂರಿದ ವಿಮಾನ

2011ರ ನವೆಂಬರ್ 1, ಸಕಲ ಸಂತರ ಹಬ್ಬದಂದು, ಪೋಲೆಂಡಿನ ಬೋಯಿಂಗ್ 767 ವಿಮಾನವೊಂದು 231 ಜನರೊಡನೆ ವಾರ್ಸಾ ನಗರದಲ್ಲಿ ಹೊಟ್ಟೆಯೂರಿ ಇಳಿಯಿತು. ಅಮೆರಿಕದ ನ್ಯೂವಾರ್ಕ್‌ನಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಹೈಡ್ರಾಲಿಕ್ ದ್ರವ ಸೋರಿಹೋಗಿತ್ತು. ಚಕ್ರಗಳನ್ನಿಳಿಸಲು ಬದಲಿ ವಿದ್ಯುತ್ ವ್ಯವಸ್ಥೆಯುಂಟೆಂದು ನಂಬಿ ಸಿಬ್ಬಂದಿ ಸಾಗರ ದಾಟಿದರು. ವಾರ್ಸಾದ ಮೇಲೆ ಅದೂ ಕೈಕೊಟ್ಟಿತು. ಒಂದು ತಾಸಿಗೂ ಮಿಕ್ಕಿ ಸುತ್ತು ಹಾಕಿದ ಬಳಿಕ ಕ್ಯಾಪ್ಟನ್ ತದೇವುಷ್ ವ್ರೋನಾ ವಿಮಾನವನ್ನು ರನ್‌ವೇಯ ಮೇಲೆ ಎಷ್ಟು ಮೆಲ್ಲನೆ ಇರಿಸಿದರೆಂದರೆ, ಒಬ್ಬರಿಗೂ ಗಾಯವಾಗಲಿಲ್ಲ.

ಇದನ್ನು ಪವಾಡವೆಂದವರುಂಟು. ನಾವದನ್ನು ಅಲ್ಲಗಳೆಯೆವು, ದೇವರಿಗೆ ಸ್ತೋತ್ರ ಸಲ್ಲಿಸುತ್ತೇವೆ. ಆದರೆ ಸ್ತೋತ್ರದ ಸದ್ದಿನಲ್ಲಿ ತನಿಖೆಯ ಮಾತು ಮುಳುಗಬಾರದು. ಕಾಕ್‌ಪಿಟ್‌ನ ಸರ್ಕಿಟ್ ಬ್ರೇಕರೊಂದು ಕಳಚಿಕೊಂಡಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವಿಮಾನವನ್ನು ಮೇಲೆತ್ತಿ ಆ ಗುಂಡಿಯನ್ನು ಒತ್ತಿದಾಗ ಚಕ್ರಗಳು ಇಳಿದವು.