ಮನ್ಯಾಗ ಬಾಸ್ ಯಾರು?

ಮೊನ್ನೆ ನಮ್ಮ ದೋಸ್ತ ಒಬ್ಬಂವಾ ಫೋನ್ ಮಾಡಿ 'ಲೇ, 15 ಇಂಚಿಂದ ಸಬ್‌ವೂಫರ್ ತೊಗೊಂಡೇನಿ, ಟಿವಿ ಬಾಜೂಕ ಮೂಲ್ಯಾಗ ಇಟ್ಟೇನಿ. ಬಂದ ಕೇಳಿ ಹೋಗು, ಗ್ವಾಡಿ ನಡಗ್ತಾವ' ಅಂದಾ. 'ಗ್ವಾಡಿ ನಡಗೋದ ಕೇಳಲಿಕ್ಕೆ ನಿಮ್ಮನಿತನಕ ಯಾಕ ಬರ್ಲೆಪಾ, ಎರಡ ವರ್ಷ ನಮ್ಮನ್ಯಾಗ ಅದನ್ನ ಕೇಳೇನಿ' ಅಂದೆ. ಅವಂಗ ಸಿಟ್ಟ ಬಂತು. ಬರಲಿ. ಇದನ್ನ ಓದಿ ಇನ್ನೂ ನಾಕ ಮಂದಿಗೆ ಬಂದ್ರೂ ಅಡ್ಡಿಯಿಲ್ಲಾ.

ನಾ ಹೇಳೋದ ಇಷ್ಟ: ಒಂದ ದೊಡ್ಡ ವೂಫರ್ ತಂದ ಮೂಲಿಗೆ ಒತ್ತಬ್ಯಾಡ್ರಿ. ಅದ ರೊಕ್ಕದಾಗ ಎರಡ ಸಣ್ಣವು ತೊಗೊಂಡ ಎದರಾ-ಬದರಾ ಗ್ವಾಡಿಗೆ, ಗ್ವಾಡಿ ನಟ್ಟ ನಡಬರಕ ಇಡ್ರಿ.

ಯಾಕ ಅಂತೀರಿ? ನಮ್ಮನಿ ಕಥಿ ಕೇಳ್ರಿ. ನಮ್ಮ ಹಾಲ್ 15 ಫೂಟ್ ಉದ್ದ, 12 ಫೂಟ್ ಅಗಲ. ನನ್ನ ಸೋಫಾ ಉದ್ದಕ್ಕ ಸರಿಯಾಗಿ ನಡಬರಕ. ಹಿಂದಿನ ಗ್ವಾಡಿ ಮೂಲ್ಯಾಗ ನಮ್ಮವ್ವನ ದಿವಾನಾ. ಅಂಗಡಿಯಂವಾ 'ಮೂಲ್ಯಾಗ ಇಡ್ರಿ ಸರ್, ಬಾಸ್ ಜಾಸ್ತಿ ಬರ್ತದ' ಅಂದಾ, ನಾ ಇಟ್ಟೆ. ಸೋಫಾದಾಗ ಕೂತ್ರ ಬಾಸ್ ಸಪ್ಪಗ. ನಾ ವಾಲ್ಯೂಮ್ ತಿರುವೋದು, ಹಿಂದಿಂದ ನಮ್ಮವ್ವ 'ತಮ್ಮಾ, ಎದ್ಯಾಗ ಧಡ್ ಧಡ್ ಅಂತದೋ, ಸಣ್ಣ ಮಾಡೋ' ಅನ್ನೋದು. 'ಇಲ್ಲೆ ನನಗ ಕೇಳವಲ್ತು, ನಿನಗೆಲ್ಲಿಂದ ಬರ್ತದವಾ? ವಯಸ್ಸಾತು ನಿಂಗ' ಅಂತಿದ್ದೆ. ಮುಂದ ಆಕಿ ಹೇಳೋದ ಬಿಟ್ಟಳು. ಸಂಜಿಗೆ ಅಡಗಿಮನ್ಯಾಗ ಮಣಿ ಹಾಕ್ಕೊಂಡ ಕೂಡಲಿಕ್ಕೆ ಶುರು ಮಾಡಿದ್ಲು. ನನ್ನಾಕಿ 'ಅತ್ತೆವ್ವಾರ ಧಾರಾವಾಹಿ ನೋಡೋದ ಬಿಟ್ಟಾರ, ನಿಮಗ ಗೊತ್ತದನು?' ಅಂದ್ರೂ ನನ್ನ ತಲಿಗೆ ಹೋಗಲಿಲ್ಲ.

ಒಂದಿನ ಅವ್ವ ನಮ್ಮಕ್ಕನ ಮನಿಗೆ ಹೋಗಿದ್ಲು. ಹಾಡ ಹಚ್ಚಿ ಸುಮ್ನ ಆಕಿ ದಿವಾನಾದ ಮ್ಯಾಲೆ ಅಡ್ಡಾದೆ. ಎದಿ ಅಲ್ರೀ, ದಿವಾನಾದ ಹಲಗಿ ಸೈತ ಕುಣೀತಿತ್ತು. ಆವತ್ತ ನನಗ ಭಾಳ ನಾಚಿಕಿ ಆತು.

ಆಗಿದ್ದ ಏನಂದ್ರ, ಸಪ್ಪಳ ಸೆಕೆಂಡಿಗೆ ಸುಮಾರು 343 ಮೀಟರ್ ಓಡ್ತದ. 15 ಫೂಟ್ ಅಂದ್ರ ಹತ್ತಹತ್ತರ 4.6 ಮೀಟರ್. ಹಿಂಗಾಗಿ ಸುಮಾರು 37 ಹರ್ಟ್ಸಿನ ಅಲಿ ಒಂದರ ಅರ್ಧಾ ಈ ಗ್ವಾಡಿಯಿಂದ ಆ ಗ್ವಾಡಿಗೆ ಕರೆಕ್ಟಾಗಿ ಕೂಡ್ತದ. ಗ್ವಾಡಿ ಹತ್ರ ಅದರ ಒತ್ತಡ ಭಾಳ, ನಡಬರಕ ಇಲ್ಲಂದ್ರೂ ನಡೀತದ. ನಾ ಕೂತಿದ್ದ ನಡಬರಕ, ಅವ್ವ ಗ್ವಾಡಿ ಹತ್ರ. ನನಗ ಕೇಳಂಗಿಲ್ಲ ಅಂತ ನಾ ಏರಿಸಿದ್ದೆಲ್ಲಾ ಆಕಿ ಎದಿಗೆ ಬಡೀತಿತ್ತು. ಮೂಲ್ಯಾಗ ಇಟ್ಟ ವೂಫರ್ ಉದ್ದ, ಅಗಲ, ಎತ್ತರ ಮೂರೂ ಕಡೆ ಅಲಿ ಎಬ್ಬಸ್ತದ. ಅಂಗಡಿಯಂವಾ ಸುಳ್ಳ ಹೇಳಿರಲಿಲ್ಲ, ಬಾಸ್ ಜಾಸ್ತಿ ಖರೇ. ಯಾರಿಗೆ ಜಾಸ್ತಿ ಅಂತ ಹೇಳಲಿಲ್ಲ, ಅಷ್ಟ.

ಎರಡ ಇಟ್ರ ಏನಾಗ್ತದ? ತೊಟ್ಲಾ ನೆನಸ್ಕೋರಿ. ಒಂದ ಕಡೆಯಿಂದ ದಬ್ಬಿದ್ರ ತೂಗ್ತದ. ಇಬ್ಬರು ಎದರಾ-ಬದರಾ ನಿಂತ ಒಮ್ಮೆಲೆ, ಅಷ್ಟ ಜೋರ್ಲೆ ದಬ್ಬಿದ್ರ ಅಳಗ್ಯಾಡಂಗಿಲ್ಲ. ಮುಂದಿನ ಗ್ವಾಡಿಗೊಂದು, ಹಿಂದಿನ ಗ್ವಾಡಿಗೊಂದು ಇಟ್ರ ಉದ್ದದ ಆ ಮೊದಲನೇ ಅಲಿ ಹಿಂಗ ಅಡಗ್ತದ. ಗ್ವಾಡಿ ನಡಬರಕ ಇಡೋದ ಯಾಕಂದ್ರ, ಅಗಲದ ಅಲಿಗೆ ಅದು ತೊಟ್ಲದ ಹಗ್ಗಾ ಕಟ್ಟಿದ ಗಂಟ ಇದ್ದಂಗ. ಅಲ್ಲೆ ದಬ್ಬಿದ್ರ ತೂಗಂಗಿಲ್ಲ.

ಇದೇನ ನನ್ನ ಶಾಣ್ಯಾತನ ಅಲ್ಲ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಾಗ ಎಷ್ಟ ಸಬ್‌ವೂಫರ್ ಸಾಕು ಅಂತ ಒಂದ ಪ್ರಬಂಧನ ಬರದಾರ. ಚೌಕ-ಆಯತ ಖೋಲಿಗೆ ನಾಕೂ ಗ್ವಾಡಿ ನಡಬರಕ ಒಂದೊಂದ ಇದ್ರ ಉತ್ತಮ, ಎದರಾ-ಬದರಾ ಎರಡಿದ್ರೂ ಹೆಚ್ಚುಕಮ್ಮಿ ಅಷ್ಟ ಛಲೋ, ನಾಕರ ಮ್ಯಾಲೆ ಹೋದ್ರ ಹೇಳ್ಕೊಳ್ಳೋವಂಥಾ ಫಾಯದೆ ಇಲ್ಲ.

'ಈಕ್ವಲೈಜರ್ ಅದ ಅಲ್ಲಾ' ಅಂತೀರಿ. ಒಂದ ವೂಫರಿಗೆ ಈಕ್ವಲೈಜರ್ ಹಾಕಿದ್ರ ಒಂದ ಕುರ್ಚಿ ಸರಿ ಮಾಡಬಹುದು. ನನ್ನ ಕುರ್ಚಿಗಂತ ಏರಿಸಿದ್ದು ದಿವಾನಾಕ್ಕೂ ಏರ್ತದ. ಮೊದ್ಲ ಎಲ್ಲಾ ಕುರ್ಚಿ ಒಂದ ಸಮಾ ಆಗಲಿ, ಆಮ್ಯಾಲೆ ಅದನ್ನ ಮುಟ್ರಿ. 'ಹಿಂದಿನ ಗ್ವಾಡಿತನಕ ವಾಯರ್ ಯಾರ ಎಳೀಬೇಕು' ಅಂತೀರಿ. ಗ್ವಾಡಿ ಬುಡಕ ಪಟ್ಟಿ ಹೊಡದ್ರ ಮುಗೀತು. ನನ್ನಾಕಿ ಸೈತ ಅದಕ್ಕ ಏನೂ ಅನ್ನಲಿಲ್ಲ, ಇನ್ನ ನಿಮ್ಮದೇನು?

ಎರಡೂ ಒಂದ ಮಾಡೆಲ್ ಇರಲಿ, ಎರಡರ ಫೇಸ್ ಸ್ವಿಚ್ ಒಂದ ಕಡೆ ಇರಲಿ. ಕ್ರಾಸ್‌ಓವರ್ 80 ಹರ್ಟ್ಸಿಗೆ ಇಡ್ರಿ. ಅದಕ್ಕ ಭಾಳ ಮ್ಯಾಲೆ ಹೋದ್ರ ಸಪ್ಪಳ ಯಾವ ಡಬ್ಬಿಯಿಂದ ಬರ್ತದ ಅಂತ ಕಿವಿ ಹುಡಕ್ತದ. ಎರಡ ಕೂಡಿದ್ರ ಜೋರ ಹೆಚ್ಚಾಗ್ತದ, ಅದಕ್ಕ ಎರಡನ್ನೂ ಇಳಿಸ್ರಿ. ಮತ್ತ, ಎರಡ ಇಟ್ಟೇನಿ ಅಂತ ಬಾಜೂ ಮನಿಗೆ ಕೇಳಂಗಿಲ್ಲ ಅನ್ಕೋಬ್ಯಾಡ್ರಿ. ಬಾಸಿಗೆ ಗ್ವಾಡಿ ಲೆಕ್ಕಕ್ಕಿಲ್ಲ. ರಾತ್ರಿ ಹತ್ತಕ್ಕ ಸಣ್ಣ ಮಾಡೋದನ್ನ ಯಾವ ಮಷಿನ್ನೂ ಕಲಸಂಗಿಲ್ಲ.

ಈಗ ಮೂಲ್ಯಾಗಿಂದ ಮಾರಿ, 8 ಇಂಚಿನವು ಎರಡ ತಂದ ವರ್ಷ ಆತು. ಗ್ವಾಡಿ ನಡಗಂಗಿಲ್ಲ, ನನಗ ಹಾಡಿನ ತಳಾ ಕೇಳ್ತದ. ಅವ್ವ ತಿರಗಿ ದಿವಾನಾಕ್ಕ ಬಂದ ಧಾರಾವಾಹಿ ನೋಡ್ತಾಳ. ಅದಕ್ಕ ದೋಸ್ತಗೂ ಇಷ್ಟ ಹೇಳಿದೆ: 'ನಾ ಬಂದ ಕೇಳೋದ ಇರಲಿ, ಮೊದ್ಲ ನೀ ಒಮ್ಮೆ ನಿನ್ನ ಕುರ್ಚಿ ಬಿಟ್ಟ ಎದ್ದು ನಿಮ್ಮಪ್ಪ ಕೂಡೋ ಜಾಗಾದಾಗ ಕೂತ ಕೇಳು.'