ಗುಳೆ ಹೋದ ಕೂಸಿನ ಲಸಿಕೆ

2000ದಲ್ಲಿ ಹುಟ್ಟಿದ ‘ಗಾವಿ’ ಎಂಬ ಜಾಗತಿಕ ಲಸಿಕಾ ಒಕ್ಕೂಟದ ಹೆಸರನ್ನು ಶಹಾಪುರ, ಸುರಪುರಗಳ ಹಳ್ಳಿಗಳಲ್ಲಿ ಕೇಳಿದವರು ವಿರಳ. ಆದರೂ ಅದರ ನೆರವಿನಿಂದ 2011ರ ಕೊನೆಗೆ ಭಾರತಕ್ಕೆ ಕಾಲಿಟ್ಟ, ಐದು ರೋಗಗಳನ್ನು ತಡೆಯುವ ಲಸಿಕೆ ಇಂದು ಅಲ್ಲಿಯ ಕೂಸುಗಳಿಗೂ ದೊರೆಯುತ್ತಿದೆ. ಹೆಸರು ತಿಳಿಯದಿದ್ದರೆ ಕೊರತೆಯೇನೂ ಇಲ್ಲ. ತಾಯಿ ನಂಬುವುದು ಒಕ್ಕೂಟವನ್ನಲ್ಲ, ಹೊಸ್ತಿಲಿಗೆ ಬಂದ ಆಶಾ ಕಾರ್ಯಕರ್ತೆಯನ್ನು. ರಾತ್ರಿ ಕೂಸಿಗೆ ಜ್ವರ ಬಂದೀತು, ಅಂಜಬೇಡ ಎಂದು ಮುಂಚೆಯೇ ಹೇಳಿ, ಮರುದಿನ ತಿರುಗಿ ಬಂದು ವಿಚಾರಿಸಿದವಳ ಮಾತಿಗೆ ಬೆಲೆಯುಂಟು.

2014ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಇಂದ್ರಧನುಷ್ ಅಭಿಯಾನವನ್ನು ಹೂಡಿದಾಗ, ಲಸಿಕೆಯಲ್ಲಿ ಹಿಂದುಳಿದವೆಂದು ಮೊದಲು ಆರಿಸಿದ 201 ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಇದನ್ನು ಜನರ ಅಜ್ಞಾನದ ತಲೆಗೆ ಕಟ್ಟುವ ಪಟ್ಟಣಿಗರ ರೂಢಿ ನನಗೆ ಒಪ್ಪಿಗೆಯಿಲ್ಲ. ಸುಗ್ಗಿ ಮುಗಿದೊಡನೆ ಕೂಸನ್ನೆತ್ತಿಕೊಂಡು ಬೆಂಗಳೂರಿಗೋ ಮುಂಬಯಿಗೋ ಗುಳೆ ಹೊರಟವಳಿಗೆ ಆರನೆಯ ವಾರದ ಚುಚ್ಚುಮದ್ದು ಊರಲ್ಲಾದರೆ, ಹತ್ತನೆಯ, ಹದಿನಾಲ್ಕನೆಯ ವಾರದ್ದು ಎಲ್ಲಿ? ಪೋಲಿಯೋ ಹನಿ ಹಾಕುವವರು ಬಸ್ ನಿಲ್ದಾಣ, ಇಟ್ಟಿಗೆ ಭಟ್ಟಿಗಳವರೆಗೂ ಮಕ್ಕಳನ್ನು ಹುಡುಕಿಕೊಂಡು ನಡೆದರು. 2014ರ ಮಾರ್ಚಿನಲ್ಲಿ ದೇಶವು ಆ ರೋಗದಿಂದ ಮುಕ್ತವೆನಿಸಿತು. ಮಿಕ್ಕ ಲಸಿಕೆಗಳೂ ಹಾಗೆಯೇ ಕೂಸಿನ ಬೆನ್ನು ಹಿಡಿಯಲಿ. ಯಾದಗಿರಿಯ ತಾಯಿ ಕಾರ್ಡನ್ನು ಬೆಂಗಳೂರಿನ ದಾದಿಯು ಓದಿ, ಮರುಮಾತಿಲ್ಲದೆ ಮುಂದಿನ ಮದ್ದನ್ನು ಹಾಕಲಿ.